ಓದುಗರ ಪ್ರಶ್ನೆ: ಪದದಾಟಕ್ಕೆ ಎಷ್ಟು ಇಂಗ್ಲಿಷ್ ಬೇಕು?

ಪ್ರಶ್ನೆ: ನನ್ನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ತುಮಕೂರಿನಲ್ಲಿ ಪಿಯುಸಿಗೆ ಸೇರಿದ್ದಾಳೆ. ರಜೆಗೆ ಬೆಂಗಳೂರಿನಿಂದ ಬರುವ ಸೋದರಮಾವನ ಮಕ್ಕಳ ಜೊತೆ ಸ್ಕ್ರಾಬಲ್ (ಏಳೇಳು ಅಕ್ಷರದ ಬಿಲ್ಲೆಗಳನ್ನು ಇಟ್ಟುಕೊಂಡು ಮಣೆಯ ಮೇಲೆ ಇಂಗ್ಲಿಷ್ ಪದ ಕಟ್ಟುವ ಆಟ) ಆಡಲು ಕುಳಿತರೆ ಪ್ರತಿ ಸಲವೂ ಸೋಲುತ್ತಾಳೆ. ಈಗ ಇಂಗ್ಲಿಷ್ ನಿಘಂಟನ್ನು ಮೊದಲ ಪುಟದಿಂದ ಬಾಯಿಪಾಠ ಮಾಡತೊಡಗಿದ್ದಾಳೆ. ಇದರಿಂದ ಪ್ರಯೋಜನವಾದೀತೇ?
— ಒಬ್ಬ ತಾಯಿ, ಮಧುಗಿರಿ

ಉತ್ತರ: ನಿಘಂಟನ್ನು ಸದ್ಯಕ್ಕೆ ಮುಚ್ಚಿಡಲು ಹೇಳಿ. ಪದದ ಅರ್ಥ ಬಲ್ಲವರಿಗೆಲ್ಲ ಚೆಲ್ಲಾಪಿಲ್ಲಿಯಾಗಿ ಬಿದ್ದ ಏಳು ಬಿಲ್ಲೆಗಳಲ್ಲಿ ಆ ಪದ ಕಾಣಿಸುವುದಿಲ್ಲ. ಕನ್ನಡದಲ್ಲಿ ಓದಿ ಬೆಳೆದವರಿಗೆ ಇದರಲ್ಲಿ ಇನ್ನೂ ಒಂದು ತೊಡಕಿದೆ. ನಾವು ನುಡಿದಂತೆ ಬರೆಯುವವರಾದ್ದರಿಂದ ಪದವನ್ನು ಕಿವಿಯಿಂದ ಹುಡುಕುತ್ತೇವೆ. ಇಂಗ್ಲಿಷಿನ ಕಾಗುಣಿತವಾದರೋ ಕಣ್ಣಿನ ನೆನಪಿಗೆ ಸೇರಿದ್ದು. ದಿನವೂ ತರಕಾರಿ ಹೆಚ್ಚುವ ‘ನೈಫ್’ ನಿಮ್ಮ ಮಗಳಿಗೆ ಗೊತ್ತಿಲ್ಲದ ಪದವೇನಲ್ಲ, ಆದರೆ ಕೈಯಲ್ಲಿ ಕೆ ಬಿಲ್ಲೆ ಇದ್ದಾಗ ಅದು ಹೊಳೆಯುವುದಿಲ್ಲ, ಏಕೆಂದರೆ ಅಲ್ಲಿನ ಕೆ ಕಿವಿಗೆ ಬೀಳುವುದೇ ಇಲ್ಲ.

ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದರೆ ಅದರ ದಪ್ಪ ಕಾಗದವನ್ನು ಕತ್ತರಿಸಿ ಅಕ್ಷರ ಬರೆದುಕೊಳ್ಳಲಿ. ನಮ್ಮ ‘ರಾಗಿ’ಯನ್ನೇ ಇಂಗ್ಲಿಷಿನಲ್ಲಿ ಆರ್-ಎ-ಜಿ-ಐ ಎಂದು ಜೋಡಿಸಿ, ಪಕ್ಕದಲ್ಲಿ ಒಂದು ಎನ್ ಇಟ್ಟು ಕಲಸಿದರೆ ಧಾನ್ಯವೆಂಬ ಅರ್ಥದ ‘ಗ್ರೇನ್’ ಸಿಗುತ್ತದೆ; ಅದರಿಂದ ಜಿಯನ್ನು ಎತ್ತಿಬಿಟ್ಟರೆ ಮಳೆ, ಅಂದರೆ ‘ರೇನ್’; ಅದರ ಮುಂದೆ ಟಿ ಸೇರಿಸಿದರೆ ‘ಟ್ರೇನ್’. ಹೀಗೆ ಒಂದಕ್ಷರ ಕೂಡಿಸುವುದು, ಒಂದನ್ನು ಕಳೆಯುವುದು, ಉಳಿದದ್ದನ್ನು ತಿರುಗಿಸಿ ನೋಡುವುದು ದಿನಕ್ಕೆ ಕಾಲು ಗಂಟೆ ನಡೆದರೆ ಸಾಕು.

ಬಾಯಿಪಾಠ ಮಾಡಲೇಬೇಕೆಂಬ ಹಟವಿದ್ದರೆ ಎರಡಕ್ಷರದ ಪದಗಳನ್ನು ಮಾಡಲಿ. ಆಟಕ್ಕೆ ಒಪ್ಪಿತವಾದ ಪದಗಳ ಪಟ್ಟಿಯಲ್ಲಿ ಅವು ನೂರಕ್ಕೆ ಸ್ವಲ್ಪ ಮೇಲಿವೆ, ಅಷ್ಟೇ. ಹತ್ತು ಅಂಕದ ಕ್ಯೂ ಬಂದಾಗ ಹೊಸಬರು, ಇಂಗ್ಲಿಷಿನಲ್ಲಿ ಅದರ ಜೊತೆಗೆ ಸಾಮಾನ್ಯವಾಗಿ ಬರುವ ಯು ಅಕ್ಷರಕ್ಕಾಗಿ ಕಾದು ಕೂರುತ್ತಾರೆ. ನೂರು ಬಿಲ್ಲೆಗಳಲ್ಲಿ ಯು ಇರುವುದು ನಾಲ್ಕೇ. ಕ್ಯೂ-ಐ ಎಂಬ ಎರಡೇ ಅಕ್ಷರದ ಪದವಿದೆ, ಚೀನೀಯರು ಪ್ರಾಣಶಕ್ತಿಗೆ ಇಟ್ಟ ಹೆಸರದು, ಉಚ್ಚಾರ ‘ಚೀ’. ನಮ್ಮ ಫಕೀರನನ್ನೂ ಎಫ್-ಎ-ಕ್ಯೂ-ಐ-ಆರ್ ಎಂದು ಇಡಬಹುದು. ಎಸ್ ಕೂಡ ನಾಲ್ಕೇ ಇರುವುದರಿಂದ, ಎದುರಾಳಿಯ ಪದವನ್ನು ಬಹುವಚನ ಮಾಡುವ ಸಂದರ್ಭಕ್ಕೆ ಅದನ್ನು ಉಳಿಸಿಕೊಳ್ಳುವುದು ಜಾಣತನ.

ಈ ಎಣಿಕೆಗಳು ಮನಬಂದಂತೆ ಬಂದವಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಪತ್ರಿಕೆಗಳ ಪುಟಗಳಲ್ಲಿ ಎಣಿಸಿ ಈ ಆಟವನ್ನು ರೂಪಿಸಿದರು; ಸ್ಕ್ರಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ, ಜೇಮ್ಸ್ ಬ್ರೂನೊ ಅವರಿಂದ. ಇ ಅಕ್ಷರಕ್ಕೆ ಹನ್ನೆರಡು ಬಿಲ್ಲೆ, ಕ್ಯೂಗೆ ಒಂದೇ ಎಂಬ ಹಂಚಿಕೆಯ ಹಿಂದೆ ಆ ಎಣಿಕೆಯಿದೆ. ಆದ್ದರಿಂದ ಅಭ್ಯಾಸವೂ ಇ, ಎ, ಐ, ಆರ್, ಎನ್, ಟಿಗಳಿಂದಲೇ ಶುರುವಾಗಲಿ.

ಪ್ರಶ್ನೆ: ನಾನು ‘ಮುದ್ದೆ’ ಇಟ್ಟೆ, ಗೆಳೆಯರು ತೆಗೆಸಿದರು. ನಮ್ಮ ಊಟದ ಹೆಸರುಗಳಿಗೆ ಅಲ್ಲಿ ಜಾಗವಿಲ್ಲವೇ?
— ಓದುಗ, ಚಿಂತಾಮಣಿ

ಉತ್ತರ: ರಾಗಿಗೆ ಜಾಗವಿದೆ, ಮುದ್ದೆಗೆ ಇಲ್ಲ, ಗೆಳೆಯರ ಮೇಲೆ ಸಿಟ್ಟಾಗಬೇಡಿ. ಇಂಗ್ಲಿಷ್ ನಿಘಂಟು ಸೇರಿದ ಪದಗಳಷ್ಟೇ ನಡೆಯುತ್ತವೆ, ಕೋಲಾರ, ಚಿಂತಾಮಣಿಯಂತಹ ಊರಿನ ಹೆಸರುಗಳೂ ನಡೆಯುವುದಿಲ್ಲ. ದೋಸೆ ಡಿ-ಓ-ಎಸ್-ಎ ಆಗಿ ಸೇರಿದೆ. ಬೆಲ್ಲವಂತೂ ‘ಜಾಗರಿ’ಯಾಗಿ, ನಮ್ಮ ಸಕ್ಕರೆಯ ನಂಟನ್ನು ಉಳಿಸಿಕೊಂಡೇ, ಪೋರ್ಚುಗೀಸರ ಬಾಯಿ ಹಾದು ಇಂಗ್ಲಿಷಿಗೆ ಹೋಗಿದೆ. ಅದರ ಕಾಗುಣಿತ ಜೆ-ಎ-ಜಿ-ಜಿ-ಇ-ಆರ್-ವೈ: ಬಿಲ್ಲೆಗಳ ಅಂಕ 19, ಏಳನ್ನೂ ಒಟ್ಟಿಗೆ ಇಟ್ಟದ್ದಕ್ಕೆ 50, ಮಣೆಯ ಬಣ್ಣದ ಚೌಕಗಳ ಲಾಭ ಬೇರೆ. ಆದರೆ ಜೆ ಒಂದೇ, ಜಿ ಮೂರೇ ಇರುವುದರಿಂದ ಅವೆಲ್ಲ ಒಂದೇ ಕೈಗೆ ಬರಲು ಬಹಳ ಅದೃಷ್ಟ ಬೇಕು.