ಒಂದು ರಾಜ್ಯ ಒಲ್ಲೆ ಎಂದರೆ ಸುಂಕವೇ ಇಲ್ಲ

ಪ್ರಶ್ನೆ: ಸ್ವತಂತ್ರ ಅಮೆರಿಕದಲ್ಲಿ ಮೊದಲು ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್’ ಎಂಬ ಒಕ್ಕೂಟದ ಕರಾರು ಇತ್ತು. ಅದಕ್ಕೇ ತಿದ್ದುಪಡಿ ತಂದು ಕೇಂದ್ರಕ್ಕೆ ಬಲ ಕೊಡಬಹುದಿತ್ತಲ್ಲ? 1787ರಲ್ಲಿ ಹೊಸ ಸಂವಿಧಾನವನ್ನೇ ಬರೆದದ್ದೇಕೆ?

ಉತ್ತರ: ತಿದ್ದುಪಡಿಗೆ ಎರಡು ಸಲ ಗಂಭೀರ ಪ್ರಯತ್ನ ನಡೆದು, ಎರಡೂ ಸಲ ಮುರಿದುಬಿತ್ತು. ಮ್ಯಾಸಚೂಸೆಟ್ಸ್ ರೈತರ ಶೇಸ್ ದಂಗೆಯೇ ಹೊಸ ಸಂವಿಧಾನಕ್ಕೆ ಕಾರಣವೆಂದು ಹೇಳುವುದು ರೂಢಿ. ಆದರೆ ನಿಜವಾದ ಗಂಟು ಸುಂಕದಲ್ಲಿತ್ತು.

1781ರ ಮಾರ್ಚ್ 1ರಂದು ಜಾರಿಗೆ ಬಂದ ಕರಾರಿನ ಪ್ರಕಾರ ಕಾಂಗ್ರೆಸ್, ಅಂದರೆ ರಾಜ್ಯಗಳ ಪ್ರತಿನಿಧಿಗಳ ಕೇಂದ್ರ ಸಭೆ, ಯುದ್ಧ ಸಾರಬಹುದಿತ್ತು, ಸಾಲ ಎತ್ತಬಹುದಿತ್ತು, ತೆರಿಗೆ ಮಾತ್ರ ಹಾಕುವಂತಿರಲಿಲ್ಲ. ಹಣ ಬೇಕಾದರೆ ರಾಜ್ಯಗಳ ಮುಂದೆ ಕೈಯೊಡ್ಡಬೇಕು. ಯಾರ ಪಾಲು ಎಷ್ಟೆಂಬುದು ಆಯಾ ರಾಜ್ಯದ ಜಮೀನು, ಕಟ್ಟಡಗಳ ಬೆಲೆಯ ಮೇಲೆ ನಿಗದಿಯಾಗಬೇಕಿತ್ತು. ಆ ಬೆಲೆ ಕಟ್ಟುವ ಕೆಲಸ ಕೊನೆಗೂ ಆಗಲಿಲ್ಲ. ಬಾಕಿ ಉಳಿಸಿಕೊಂಡ ರಾಜ್ಯದಿಂದ ವಸೂಲಿ ಮಾಡುವ ದಾರಿಯೂ ಇರಲಿಲ್ಲ.

ಹಾಗಾಗಿ 1781ರಲ್ಲಿ ಕಾಂಗ್ರೆಸ್ ಆಮದಿನ ಮೇಲೆ ಶೇ 5 ಸುಂಕ ವಿಧಿಸುವ ಅಧಿಕಾರ ಕೇಳಿತು. ಕರಾರಿನ 13ನೇ ವಿಧಿಯಂತೆ ತಿದ್ದುಪಡಿಗೆ ಹದಿಮೂರೂ ರಾಜ್ಯಗಳು ಒಪ್ಪಬೇಕು. 1782ರ ನವೆಂಬರ್‌ನಲ್ಲಿ ಪುಟ್ಟ ರೋಡ್ ಐಲೆಂಡ್ ಆಗದು ಎಂದಿತು. ಕೊಟ್ಟ ಕಾರಣಗಳು ಮೂರು: ಹೊರೆ ಬಂದರು ರಾಜ್ಯಗಳ ಮೇಲೆ ಹೆಚ್ಚು ಬೀಳುತ್ತದೆ, ವಸೂಲಿ ಅಧಿಕಾರಿಗಳು ರಾಜ್ಯಕ್ಕೆ ಉತ್ತರಿಸಬೇಕಾದವರಲ್ಲ, ಅವಧಿಯ ಮಿತಿಯೂ ಇಲ್ಲ. ಹಟಮಾರಿತನವೆಂದು ತಳ್ಳಿಹಾಕುವಂಥ ವಾದವಲ್ಲ ಇದು. ಬ್ರಿಟಿಷ್ ಸುಂಕದವರ ಕಾಟ ಆ ಬಂದರುಗಳಿಗೆ ಹೊಸದೇನಾಗಿರಲಿಲ್ಲ. ಮರುತಿಂಗಳೇ ವರ್ಜೀನಿಯಾ ಕೂಡ ತಾನು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿತು.

1783ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಮೆತ್ತಗಾಗಿ ಮತ್ತೆ ಕೇಳಿತು: ಸುಂಕ 25 ವರ್ಷಕ್ಕೆ ಮಾತ್ರ, ಹಣ ಯುದ್ಧದ ಸಾಲಕ್ಕೆ ಮಾತ್ರ, ಅಧಿಕಾರಿಗಳನ್ನು ನೇಮಿಸುವುದು ರಾಜ್ಯಗಳೇ. ಈ ಸಲ ಪ್ರಸ್ತಾವ ಸಿಕ್ಕಿಕೊಂಡದ್ದು ನ್ಯೂಯಾರ್ಕ್‌ನಲ್ಲಿ. ಅದರ ಬಂದರಿಗೆ ಅಕ್ಕಪಕ್ಕದ ರಾಜ್ಯಗಳ ಸರಕೂ ಬರುತ್ತಿತ್ತು, ಆ ಸುಂಕವೂ ನ್ಯೂಯಾರ್ಕಿನ ಬೊಕ್ಕಸಕ್ಕೇ ಬೀಳುತ್ತಿತ್ತು. ಅಂಥ ಆದಾಯವನ್ನು ಯಾರು ಬಿಟ್ಟುಕೊಡುತ್ತಾರೆ? 1786ರಲ್ಲಿ ಅದು ಒಪ್ಪಿದಂತೆ ಮಾಡಿ, ವಸೂಲಿಯ ಹಿಡಿತ ತನ್ನಲ್ಲೇ ಇರಬೇಕೆಂಬ ಷರತ್ತು ಹಾಕಿತು. ಕಾಂಗ್ರೆಸ್ ಒಪ್ಪಲಿಲ್ಲ. ಹೊಸದಾಗಿ ಪರಿಶೀಲಿಸಲು ಶಾಸನಸಭೆಯ ವಿಶೇಷ ಅಧಿವೇಶನ ಕರೆಯಿರಿ ಎಂದರೆ ಗವರ್ನರ್ ಜಾರ್ಜ್ ಕ್ಲಿಂಟನ್ ಕರೆಯಲಿಲ್ಲ. ತಿದ್ದುಪಡಿಯ ದಾರಿ ಅಲ್ಲಿಗೆ ಮುಚ್ಚಿತು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ಹೊಸ ಸಂವಿಧಾನ ಬರೆದವರು ಈ ಪಾಠವನ್ನು ಮರೆಯಲಿಲ್ಲ. ಹೊಸ ಸಂವಿಧಾನದ 7ನೇ ವಿಧಿಯಲ್ಲಿ ಒಂಬತ್ತು ರಾಜ್ಯಗಳ ಒಪ್ಪಿಗೆ ಸಾಕೆಂದು ಬರೆದರು, ಅದೂ ಶಾಸನಸಭೆಗಳಿಂದಲ್ಲ, ಅದಕ್ಕೆಂದೇ ಕರೆದ ಸಮಾವೇಶಗಳಿಂದ. ಅಧಿಕಾರ ಕಳೆದುಕೊಳ್ಳುವವರನ್ನೇ ಒಪ್ಪಿಗೆ ಕೇಳುವುದು ತಪ್ಪಿತು. ಹಳೆಯ ಕರಾರಿನ ಲೆಕ್ಕದಲ್ಲಿ ಇದು ನಿಯಮದ ಉಲ್ಲಂಘನೆಯೇ. ವಿರೋಧಿಗಳು ಹಾಗೆಂದು ಆಕ್ಷೇಪಿಸಿದ್ದರಲ್ಲಿ ಹುರುಳಿತ್ತು.

ಪ್ರಶ್ನೆ: ಒಪ್ಪದ ರಾಜ್ಯ ಹೊರಗೇ ಉಳಿಯಬಹುದಿತ್ತೇ?

ಉತ್ತರ: ಕಾಗದದ ಮೇಲೆ ಉಳಿಯಬಹುದಿತ್ತು. ಫಿಲಡೆಲ್ಫಿಯಾಕ್ಕೆ ಪ್ರತಿನಿಧಿಗಳನ್ನೇ ಕಳಿಸದ ರೋಡ್ ಐಲೆಂಡ್, ವಾಷಿಂಗ್ಟನ್ ಅಧ್ಯಕ್ಷರಾಗಿ ವರ್ಷ ಕಳೆದರೂ ಹೊರಗೇ ಇತ್ತು. 1790ರ ಮೇ ತಿಂಗಳಲ್ಲಿ ಸೆನೆಟ್ ಅದರೊಂದಿಗಿನ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಅಂಗೀಕರಿಸಿತು. ಅದೇ ತಿಂಗಳ 29ರಂದು 34–32 ಮತಗಳಿಂದ ರೋಡ್ ಐಲೆಂಡ್ ಒಪ್ಪಿಕೊಂಡಿತು.