ಎನ್‌3 ಆಯ್ತು, ಮುಂದೇನು?

ಬಿ.ಕಾಂ. ಜೊತೆಗೆ ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಎನ್‌3 (ಐದು ಹಂತಗಳಲ್ಲಿ ನಡುವಿನದು) ಪಾಸಾಗಿದೆ, ದುಭಾಷಿ ಕೆಲಸ ಸಿಗುತ್ತಾ, ಇಲ್ಲ ಪಾಠ ಹೇಳೋದೇ ಗತಿಯಾ ಅಂತ ಕೇಳಿದ್ದೀರಿ.

ದುಭಾಷಿ ಕೆಲಸಕ್ಕೆ ಸಾಮಾನ್ಯವಾಗಿ ಅದಕ್ಕಿಂತ ಒಂದು ಹಂತ ಮೇಲಿನ ಎನ್‌2 ಕೇಳುತ್ತಾರೆ. ಆದರೆ ನಿಜವಾದ ತೊಡಕು ಬೇರೆ. ಜೆಎಲ್‌ಪಿಟಿಯಲ್ಲಿ ಮಾತಿನ ಪರೀಕ್ಷೆಯೇ ಇಲ್ಲ. ಓದಿ, ಕೇಳಿ, ಸರಿಯುತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು. ನನ್ನ ಮೊದಲ ಇಂಟರ್‌ವ್ಯೂನಲ್ಲಿ 'ಜಿಕೊಶೋಕಾಯ್' ಅಂದರು, ಅಂದರೆ ನಿಮ್ಮ ಪರಿಚಯ ಹೇಳಿ ಅಂತ. ಎರಡೇ ವಾಕ್ಯಕ್ಕೆ ಬಾಯಿ ಒಣಗಿತು! ಹಾಗಾಗಿ ಈಗಿಂದಲೇ ದಿನಾ ಅರ್ಧ ಗಂಟೆ ಜೋರಾಗಿ ಮಾತಾಡಿ, ಮನೆಯವರು ನಕ್ಕರೂ ಪರವಾಗಿಲ್ಲ.

ಬಿಡದಿಯಲ್ಲಿ ಟೊಯೋಟಾ, ನರಸಾಪುರದಲ್ಲಿ ಹೋಂಡಾ ಇವೆ. ಬಿಡಿಭಾಗ ಮಾಡುವ ಕಂಪನಿಗಳನ್ನೂ ವಿಚಾರಿಸಿ. ಫ್ಯಾಕ್ಟರಿಯಲ್ಲಿ ಪುಸ್ತಕದ ಭಾಷೆ ಸಾಲದು. 'ಫುರ್ಯೋ' ಅಂದರೆ ಕೆಟ್ಟ ಮಾಲು, 'ಕನಗತಾ' ಅಂದರೆ ಅಚ್ಚು, ಇಂಥವು ನಾಲಿಗೆ ತುದಿಯಲ್ಲಿರಬೇಕು. ನಿಮ್ಮ ಬಿ.ಕಾಂ.ಗೆ ಬಿಲ್, ಇನ್‌ವಾಯ್ಸ್, ಮೇಲ್ ನೋಡುವ ಕೆಲಸ ಇನ್ನೂ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಎನ್‌3 ಇದ್ದರೂ ಅರ್ಜಿ ಹಾಕಿ ನೋಡಬಹುದು.

ಇನ್ನು ಪಾಠ. ಎನ್‌5, ಅಂದರೆ ಮೊದಲ ಹಂತದ ಮಕ್ಕಳಿಗೆ ನೀವು ಧಾರಾಳವಾಗಿ ಹೇಳಿಕೊಡಬಹುದು. ಕನ್ನಡದ ಮೂಲಕ ಹೇಳಿದರೆ ಅರ್ಧ ವ್ಯಾಕರಣ ಸುಮ್ನೆ ಬಂದುಬಿಡುತ್ತದೆ. 'ಗೋಹಾನ್ ಓ ತಾಬೆಮಾಸು', 'ಅನ್ನವನ್ನು ತಿನ್ನುತ್ತೇನೆ'. 'ಓ' ಅಂದರೆ ನಮ್ಮ 'ಅನ್ನು', ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಇದನ್ನೇ ವಿವರಿಸೋಕೆ ಒಂದು ಕ್ಲಾಸ್ ಬೇಕು, ಅಲ್ವಾ? ಮೊದಲು ಇಬ್ಬರು ಮೂವರಿಗೆ ಆನ್‌ಲೈನಲ್ಲಿ ಶುರು ಮಾಡಿ. ಎನ್‌2 ಪರೀಕ್ಷೆ ಜುಲೈ, ಡಿಸೆಂಬರ್ ಎರಡು ಸಲ ಬರುತ್ತದೆ, ಪಾಠ ಹೇಳುತ್ತಲೇ ಅದಕ್ಕೂ ಓದಿಕೊಳ್ಳಿ.