ವಾಲ್ವ್ ಉಳಿಸಬಹುದಾ, ಬದಲಿಸಲೇಬೇಕಾ?

ಪ್ರಶ್ನೆ: ನನ್ನ ಗಂಡನಿಗೆ 41 ವರ್ಷ. ಬೇರೆ ಯಾವುದಕ್ಕೋ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಮಹಾಧಮನಿಯ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಬುಡ ಉಬ್ಬಿರುವುದು ಗೊತ್ತಾಯಿತು. 5.6 ಸೆಂ.ಮೀ. ಇದೆಯಂತೆ, ವಾಲ್ವ್ ಸೋರುತ್ತಲೂ ಇದೆ. ಒಬ್ಬ ಸರ್ಜನ್ ವಾಲ್ವ್ ಸಮೇತ ಬದಲಿಸೋಣ ಅಂದರು, ಇನ್ನೊಬ್ಬರು ಅವರದೇ ವಾಲ್ವ್ ಉಳಿಸಬಹುದು ಅಂತಾರೆ. ಯಾರ ಮಾತು ಕೇಳುವುದು? ಇವರಿಗೆ ನೋವೇನೂ ಇಲ್ಲ, ಸ್ವಲ್ಪ ದಿನ ಕಾಯಬಹುದಾ?

ಉತ್ತರ: ಕೊನೆಯ ಪ್ರಶ್ನೆ ಮೊದಲು. ಕಾಯಬೇಡಿ. ಸಾಮಾನ್ಯವಾಗಿ 5.5 ಸೆಂ.ಮೀ. ಮುಟ್ಟಿದರೆ ಆಪರೇಷನ್ ಮಾಡಿಸಿ ಅನ್ನುತ್ತಾರೆ, ಮಾರ್ಫಾನ್‌ನಂಥ ಹುಟ್ಟಿನಿಂದ ಬಂದ ತೊಂದರೆ ಇದ್ದರೆ 5ಕ್ಕೇ. ನೋವಿಲ್ಲ ಅನ್ನುವುದನ್ನು ನಂಬಿ ಕೂರುವ ಹಾಗಿಲ್ಲ, ಈ ಉಬ್ಬು ಸೀಳುವವರೆಗೂ ಸುಮ್ನೆ ಇರುತ್ತದೆ.

ಇನ್ನು ವಾಲ್ವ್ ವಿಷಯ. ಬಾಗಿಲ ಚೌಕಟ್ಟು ಅಗಲವಾಯಿತು ಅಂದುಕೊಳ್ಳಿ. ಬಾಗಿಲು ಚೆನ್ನಾಗೇ ಇದ್ದರೂ ಮುಚ್ಚುವುದಿಲ್ಲ, ಅಲ್ವಾ? ಎಷ್ಟೋ ಜನರಲ್ಲಿ ಆಗಿರುವುದು ಇಷ್ಟೇ. ವಾಲ್ವಿನ ಮೂರು ಎಸಳುಗಳೂ ಗಟ್ಟಿಯಾಗಿವೆ, ಬುಡ ಹಿಗ್ಗಿದ್ದರಿಂದ ಒಂದಕ್ಕೊಂದು ತಾಗುತ್ತಿಲ್ಲ, ಅದಕ್ಕೇ ಸೋರುತ್ತಿದೆ. ಹಾಗಿದ್ದಾಗ ಉಬ್ಬಿದ ಗೋಡೆಯನ್ನು ಮಾತ್ರ ಕತ್ತರಿಸಿ ತೆಗೆದು, ಡೇಕ್ರಾನ್ ಎಂಬ ಕೃತಕ ಬಟ್ಟೆಯ ಕೊಳವೆಯೊಳಗೆ ಅದೇ ವಾಲ್ವನ್ನು ಕೂರಿಸಿ ಹೊಲಿಯುತ್ತಾರೆ. ಹೃದಯಕ್ಕೇ ರಕ್ತ ಕೊಡುವ ಎರಡು ಕೊರೋನರಿ ನಾಳಗಳನ್ನೂ ಆ ಕೊಳವೆಗೆ ಮತ್ತೆ ಜೋಡಿಸಬೇಕು. ಟೊರಾಂಟೊದ ಟಿರೋನ್ ಡೇವಿಡ್ 1992ರಲ್ಲಿ ಪ್ರಕಟಿಸಿದ ವಿಧಾನ ಇದು, ಸರ್ಜನ್‌ಗಳು ಈಗಲೂ ‘ಡೇವಿಡ್’ ಅಂತಲೇ ಕರೆಯುತ್ತಾರೆ.

ಮೊದಲ ಸರ್ಜನ್ ಹೇಳಿದ್ದು ಬೆಂಟಾಲ್ ಆಪರೇಷನ್ ಇರಬೇಕು, ಅಂದರೆ ಬುಡ, ವಾಲ್ವ್ ಎರಡನ್ನೂ ತೆಗೆದು ಕೃತಕ ವಾಲ್ವ್ ಇರುವ ಕೊಳವೆ ಕೂರಿಸುವುದು. 1968ರಿಂದ ಇದೆ, ಕೆಟ್ಟದ್ದು ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಲೋಹದ ವಾಲ್ವ್ ಹಾಕಿಸಿಕೊಂಡರೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗಬೇಕು, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಆಗಾಗ ಮಾಡಿಸಬೇಕು, ಡೋಸ್ ಜಾಸ್ತಿಯಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪುಗಟ್ಟುವ ಭಯ. ಪ್ರಾಣಿಯ ಅಂಗಾಂಶದ ವಾಲ್ವಿಗೆ ಈ ಕಾಟ ಇಲ್ಲ, ಆದರೆ ಅದು ಸವೆಯುತ್ತದೆ, ಅದೂ ವಯಸ್ಸು ಕಡಿಮೆ ಇದ್ದವರಲ್ಲಿ ಬೇಗ. 41ಕ್ಕೆ ಹಾಕಿಸಿದರೆ ಮತ್ತೊಂದು ಆಪರೇಷನ್ ಬಹುತೇಕ ಗ್ಯಾರಂಟಿ. ಹಾಗಾಗಿ ಈ ವಯಸ್ಸಿನಲ್ಲಿ, ಸಾಧ್ಯವಿದ್ದರೆ, ಸ್ವಂತ ವಾಲ್ವ್ ಉಳಿಸಿಕೊಳ್ಳುವ ಕಡೆಗೇ ನನ್ನ ಮನಸ್ಸು.

‘ಸಾಧ್ಯವಿದ್ದರೆ’ ಅಂದೆ, ಯಾಕಂದರೆ ಎಸಳುಗಳಲ್ಲಿ ಸುಣ್ಣ ಕಟ್ಟಿದ್ದರೆ ಅಥವಾ ಅವು ಮುದುಡಿದ್ದರೆ ಉಳಿಸಿ ಪ್ರಯೋಜನವಿಲ್ಲ. ಎರಡೇ ಎಸಳಿನ ವಾಲ್ವಾದರೂ ಕೆಲವೊಮ್ಮೆ ಉಳಿಸುತ್ತಾರೆ. ಎದೆ ತೆರೆದು ಕಣ್ಣಾರೆ ನೋಡಿದ ಮೇಲೆಯೇ ಕೊನೆಯ ತೀರ್ಮಾನ. ಆದ್ದರಿಂದ ಇಬ್ಬರೂ ಸರ್ಜನ್‌ಗಳನ್ನು ನೇರವಾಗಿ ಕೇಳಿ: ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ಉಳಿಸಲು ಆಗದಿದ್ದರೆ ಯಾವ ವಾಲ್ವ್ ಹಾಕುತ್ತೀರಿ? ಸಂಕೋಚ ಬೇಡ, ಇದು ಕೈ ಪಳಗಿದವರೇ ಮಾಡಬೇಕಾದ ಕೆಲಸ. ಉಳಿಸಿದ ವಾಲ್ವೂ ಮುಂದೆ ಸೋರಬಹುದು, ಅದಕ್ಕೆ ಪ್ರತಿವರ್ಷ ಎಕೋ ತಪ್ಪಿಸಬಾರದು.

ಅಲ್ಲಿಯವರೆಗೆ ಬಿಪಿ ಹಿಡಿತದಲ್ಲಿರಲಿ, ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇಡ. ಎದೆ ಅಥವಾ ಬೆನ್ನಿನಲ್ಲಿ ಇದ್ದಕ್ಕಿದ್ದಂತೆ ಹರಿದಂಥ ನೋವು ಬಂದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕೂರದೆ ತಕ್ಷಣ ಆಸ್ಪತ್ರೆಗೆ ಓಡಿ. ಹಾಂ, ನಿಮ್ಮ ಮಕ್ಕಳಿಗೂ ನಿಮ್ಮ ಗಂಡನ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೂ ಒಂದೊಂದು ಎಕೋ ಮಾಡಿಸಿ. ಇದು ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ.